ಅಳಿಸಿದ ಮೇಲೂ ಉಳಿದ ಷರಾ

"ಏನಮ್ಮಾ, ಐದು ವರ್ಷದ ಲೆಕ್ಕ ಪೂರ್ತಿ ತೆಗೆದು ಹಾಕಿದೀನಿ. ಆದ್ರೂ ಫೈಲು ಒಂಚೂರೂ ಸಣ್ಣ ಆಗಿಲ್ವಲ್ಲ?"

ಹೋದ ಬೇಸಿಗೆ ರಜೆಯಲ್ಲಿ ನಮ್ಮೂರ ಹಾಲಿನ ಡೇರಿಯ ಕಾರ್ಯದರ್ಶಿ ನನ್ನನ್ನು ಕೇಳಿದ ಪ್ರಶ್ನೆ ಇದು. ನಾನು ಅವರನ್ನು ಮಾವ ಅಂತಲೇ ಕರೆಯುವುದು. ಅವರ ಕಂಪ್ಯೂಟರಿನಲ್ಲಿ ಡೇರಿಯ ಲೆಕ್ಕದ ಕಡತ ಒಟ್ಟು 61 ಎಂಬಿ ಇತ್ತು. ಎಂಟು ವರ್ಷದ ಲೆಕ್ಕದಲ್ಲಿ ಐದು ವರ್ಷದ್ದನ್ನು ಅಳಿಸಿದ ಮೇಲೂ ಅದು 61 ಎಂಬಿಯೇ ಇತ್ತು. ಒಂದು ಅಂಕಿ ಆಚೀಚೆ ಆಗಿರಲಿಲ್ಲ.

ಮೊದಲಿಗೆ ನಕ್ಕೆ. ಆಮೇಲೆ ಒಂದು ವಿಷಯ ನೆನಪಾಗಿ ನಗು ನಿಂತುಹೋಯಿತು.

ನಮ್ಮದು ತುಮಕೂರು ಜಿಲ್ಲೆಯ ಒಂದು ಸಣ್ಣ ಹಳ್ಳಿ. ತೆಂಗು, ರಾಗಿ, ಮನೆಗೆ ಎರಡೋ ಮೂರೋ ಹಸು. ಡೇರಿಗೆ 140 ಸದಸ್ಯರು ಬೆಳಿಗ್ಗೆ ಸಂಜೆ ಹಾಲು ಹಾಕುತ್ತಾರೆ. ಎಷ್ಟು ಲೀಟರ್, ಫ್ಯಾಟ್ ಎಷ್ಟು, ದರ ಎಷ್ಟು, ಎಲ್ಲ ಕಂಪ್ಯೂಟರಿಗೆ ಹೋಗುತ್ತದೆ, ಪುಟ್ಟ ಚೀಟಿ ಹೊರಗೆ ಬರುತ್ತದೆ. ಆ ಸಾಫ್ಟ್‌ವೇರನ್ನು ಎಂಟು ವರ್ಷದ ಹಿಂದೆ ಪಟ್ಟಣದಿಂದ ಯಾರೋ ಒಬ್ಬರು ಬಂದು ಹಾಕಿಕೊಟ್ಟಿದ್ದರು. ನಾನು ಬಿಸಿಎ ಓದುವ ಹುಡುಗಿಯಾದ್ದರಿಂದ ಊರಲ್ಲಿ ಪ್ರಿಂಟರ್ ಪೇಪರ್ ಸಿಕ್ಕಿಹಾಕಿಕೊಂಡರೂ, ಮೊಬೈಲ್ ರೀಚಾರ್ಜ್ ಆಗದಿದ್ದರೂ ನನಗೇ ಕರೆ. ಕೊನೆಯ ವರ್ಷದ ಪ್ರಾಜೆಕ್ಟಿಗೂ ಇದೇ ಡೇರಿಯ ಲೆಕ್ಕವನ್ನೇ ಆರಿಸಿಕೊಂಡಿದ್ದೆ. ಹಳೆಯ ಸಾಫ್ಟ್‌ವೇರಿನ ಪಕ್ಕದಲ್ಲಿ ನಿಲ್ಲುವಂಥ ಒಂದು ವರದಿ ವಿಭಾಗ. ಅದರಲ್ಲಿ "ಅಳಿಸು" ಎಂಬ ಕೆಂಪು ಬಟನ್ ಇಟ್ಟವಳು ನಾನೇ.

ಆ ಬಟನ್ ಮೊದಲು ಬಳಕೆಯಾದದ್ದು ನನ್ನ ದೊಡ್ಡಮ್ಮನಿಗಾಗಿ.

ಸಾಫ್ಟ್‌ವೇರಿನಲ್ಲಿ ಪ್ರತಿ ಸದಸ್ಯರ ಹೆಸರಿನ ಮುಂದೆ ಷರಾ ಬರೆಯುವ ಒಂದು ಜಾಗ ಇತ್ತು. ಹಿಂದೆ ಕೆಲಸದಲ್ಲಿದ್ದವರು ಅಲ್ಲಿ ಮನಸ್ಸಿಗೆ ಬಂದದ್ದೆಲ್ಲ ಬರೆದಿಟ್ಟಿದ್ದರು. ಯಾರು ಹಿಂಡಿಯ ಬಾಕಿ ಕೊಟ್ಟಿಲ್ಲ, ಯಾರು ಕುಡಿದು ಬಂದು ಗಲಾಟೆ ಮಾಡಿದರು, ಯಾರ ಮನೆಯಲ್ಲಿ ಪಾಲಾಗಿದೆ, ಹೀಗೆ. ದೊಡ್ಡಮ್ಮನ ಹೆಸರಿನ ಮುಂದೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಒಂದು ವಾಕ್ಯ ಇತ್ತು: ಹಾಲಿಗೆ ನೀರು, ಅನುಮಾನ. ಆ ತಿಂಗಳು ಹಿಂಡಿಗೆ ದುಡ್ಡಿಲ್ಲದೆ ಹಸುವಿಗೆ ಬರೀ ಹಸಿ ಮೇವು ಹಾಕಿದ್ದರು, ಹಾಲು ತೆಳುವಾಗಿತ್ತು, ಲ್ಯಾಕ್ಟೋಮೀಟರ್ ಕೆಳಗೆ ತೋರಿಸಿತ್ತು. ಅಷ್ಟೇ. ಆದರೆ ಆ ಷರಾ ಯಾರದೋ ಕಣ್ಣಿಗೆ ಬಿದ್ದು, ಬಾಯಿಂದ ಬಾಯಿಗೆ ಹೋಗಿ, ದೊಡ್ಡಮ್ಮ ಎರಡು ತಿಂಗಳು ಡೇರಿಗೆ ಹೋಗುವುದನ್ನೇ ಬಿಟ್ಟು ಮಗನ ಕೈಲಿ ಕ್ಯಾನ್ ಕಳಿಸುತ್ತಿದ್ದರು. "ಇಪ್ಪತ್ತು ವರ್ಷ ಹಾಲು ಹಾಕಿದೀನಿ, ಒಂದು ಲೋಟ ನೀರು ಸೇರ್ಸಿಲ್ಲ ಕಣವ್ವ" ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು. ಹೊಸ ಕಮಿಟಿ ಬಂದ ಮೇಲೆ ಇಂಥ ಷರಾಗಳನ್ನೆಲ್ಲ ತೆಗೆಯಬೇಕೆಂದು ತೀರ್ಮಾನವಾಯಿತು. ದಸರಾ ರಜೆಯಲ್ಲಿ ನಾನು ಹೋಗಿ ಒಂದೊಂದಾಗಿ ಅಳಿಸಿದೆ. ದೊಡ್ಡಮ್ಮನನ್ನು ಪಕ್ಕದಲ್ಲೇ ಕೂರಿಸಿಕೊಂಡು ಅವರ ಷರಾ ಅಳಿಸಿ, "ಹೋಯ್ತು ದೊಡ್ಡಮ್ಮ. ಇನ್ನು ಯಾರು ಹುಡುಕಿದ್ರೂ ಸಿಗಲ್ಲ" ಅಂದಿದ್ದೆ. ಅವರು ಪರದೆಯನ್ನೇ ನೋಡುತ್ತಾ ತಲೆಯಾಡಿಸಿದ್ದರು.

ಬೇಸಿಗೆಯಲ್ಲಿ ಮಾವ ಪ್ರಶ್ನೆ ಕೇಳಿದಾಗ ನನಗೆ ನೆನಪಾದದ್ದು ಆ ಮಾತು. ಐದು ವರ್ಷದ ಲೆಕ್ಕ ಹೋದರೂ ಕಡತ ಕರಗಲಿಲ್ಲ ಅಂದರೆ, ಹೋದದ್ದು ಎಲ್ಲಿಗೆ ಹೋಯಿತು?

ಅವತ್ತು ರಾತ್ರಿ ಕಡತವನ್ನು ಮನೆಗೆ ತಂದು ನೋಟ್‌ಪ್ಯಾಡಿನಲ್ಲಿ ತೆರೆದೆ. ಡೇರಿಯ ಸಾಫ್ಟ್‌ವೇರಿನಲ್ಲಲ್ಲ, ಬರೀ ನೋಟ್‌ಪ್ಯಾಡಿನಲ್ಲಿ. ಮೊದಲ ಸಾಲಿನಲ್ಲೇ ಎಸ್‌ಕ್ಯೂಲೈಟ್ ಫಾರ್ಮ್ಯಾಟ್ 3 ಎಂಬ ಗುರುತು. ಆಮೇಲೆ ಅರ್ಥವಿಲ್ಲದ ಚಿಹ್ನೆಗಳ ರಾಶಿ, ಅದರ ನಡುವೆ ಅಲ್ಲಲ್ಲಿ ಓದಲು ಬರುವ ಹೆಸರುಗಳು, ತಾರೀಖುಗಳು. ಹುಡುಕುವ ಪೆಟ್ಟಿಗೆಯಲ್ಲಿ ನೀರು ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದೆ. ಸಿಕ್ಕಿತು. ದೊಡ್ಡಮ್ಮನ ಷರಾ ಇಡಿಯಾಗಿ, ಒಂದು ಅಕ್ಷರವೂ ಮಾಸದೆ ಅಲ್ಲಿ ಕೂತಿತ್ತು. ಅದರ ಅಕ್ಕಪಕ್ಕ ಊರಿನ ಇನ್ನೂ ಎಷ್ಟೋ ಮನೆಗಳ ಮಾನ.

ಇದು ಹೇಗಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾಲೇಜಿನಲ್ಲಿ ನನಗೆ ಇದನ್ನು ಯಾರೂ ಹೇಳಿರಲಿಲ್ಲ.

ಎಸ್‌ಕ್ಯೂಲೈಟ್ ಎಂಬುದು ಒಂದು ಡೇಟಾಬೇಸ್ ಸಾಫ್ಟ್‌ವೇರ್. ಅಮೆರಿಕದ ರಿಚರ್ಡ್ ಹಿಪ್ 2000ದಲ್ಲಿ ಬಿಡುಗಡೆ ಮಾಡಿದ್ದು. ಅಲ್ಲಿನ ನೌಕಾಪಡೆಯ ಯುದ್ಧನೌಕೆಯೊಂದರ ಕೆಲಸ ಮಾಡುವಾಗ ಅವರಿಗೆ ಇದರ ಯೋಚನೆ ಬಂತಂತೆ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. ಹಾಗಾಗಿ ನಿಮ್ಮ ಜೇಬಿನ ಮೊಬೈಲಿನಲ್ಲೂ ಅದು ಇದೆ. ಆಂಡ್ರಾಯ್ಡ್ ಫೋನಿನಲ್ಲಿ ಸಂಪರ್ಕ ಸಂಖ್ಯೆಗಳು, ಎಸ್ಸೆಮ್ಮೆಸ್‌ಗಳು ಕೂರುವುದು ಇಂಥ ಕಡತಗಳಲ್ಲೇ.

ಈ ಕಡತ ಒಳಗೆ ಸಮನಾದ ಪುಟಗಳಾಗಿ ಹಂಚಿಹೋಗಿರುತ್ತದೆ. ಸಾಮಾನ್ಯವಾಗಿ ಒಂದು ಪುಟಕ್ಕೆ 4,096 ಬೈಟ್. ಒಂದು ಬೈಟ್ ಅಂದರೆ ಒಂದು ಇಂಗ್ಲಿಷ್ ಅಕ್ಷರ ಕೂರುವಷ್ಟು ಜಾಗ. ಹಾಲಿನ ಒಂದೊಂದು ಸಾಲೂ ಯಾವುದೋ ಒಂದು ಪುಟದಲ್ಲಿ ಹೋಗಿ ಕೂರುತ್ತದೆ. ಪುಟ ತುಂಬಿದರೆ ಹೊಸ ಪುಟ ಸೇರುತ್ತದೆ, ಕಡತ ಬೆಳೆಯುತ್ತದೆ. ಇಲ್ಲಿಯವರೆಗೆ ಎಲ್ಲರೂ ಊಹಿಸಿದ ಹಾಗೆಯೇ. ಊಹೆ ತಪ್ಪುವುದು ಅಳಿಸುವಾಗ. ಸಾಲನ್ನು ಅಳಿಸಿದರೆ ಸಾಫ್ಟ್‌ವೇರ್ ಆ ಜಾಗವನ್ನು "ಇದು ಖಾಲಿ, ಮುಂದೆ ಬೇಕಾದರೆ ಬಳಸಿಕೊಳ್ಳಿ" ಎಂದು ಗುರುತು ಹಾಕಿ ಸುಮ್ಮನಾಗುತ್ತದೆ. ಒಂದು ಪುಟದಲ್ಲಿದ್ದ ಎಲ್ಲ ಸಾಲೂ ಹೋದರೆ ಆ ಪುಟ ಖಾಲಿ ಪುಟಗಳ ಪಟ್ಟಿಗೆ ಸೇರುತ್ತದೆ. ಪುಟವನ್ನು ಹರಿದು ಹಾಕುವುದಿಲ್ಲ, ಬರೆದದ್ದನ್ನು ಉಜ್ಜುವುದೂ ಇಲ್ಲ. ಹೊಸ ಸಾಲು ಬಂದು ಅದರ ಮೇಲೆ ಕೂತರೆ ಮಾತ್ರ ಹಳೆಯದು ನಿಜವಾಗಿ ಹೋಗುತ್ತದೆ. ಷರಾ ಪಟ್ಟಿಗೆ ದಸರಾದ ನಂತರ ಹೊಸದೇನೂ ಸೇರಿರಲಿಲ್ಲ. ಆದ್ದರಿಂದ ದೊಡ್ಡಮ್ಮನ ಷರಾದ ಮೇಲೆ ಯಾರೂ ಬಂದು ಕೂತಿರಲಿಲ್ಲ.

ಮಾವನಿಗೆ ನಾನು ಹೇಳಿದ್ದು ಹೀಗೆ: "ಬಸ್ಸಿಂದ ಜನ ಇಳಿದ್ರೆ ಸೀಟು ಖಾಲಿ ಆಗುತ್ತೆ ಮಾವ, ಬಸ್ಸು ಗಿಡ್ಡ ಆಗಲ್ಲ." ಅವರಿಗೆ ತಕ್ಷಣ ಅರ್ಥವಾಯಿತು. ಆದರೆ ಈ ಬಸ್ಸಿನಲ್ಲಿ ಇಳಿದವರ ಚೀಲ, ಚಪ್ಪಲಿ, ಆಧಾರ್ ಕಾರ್ಡು ಎಲ್ಲ ಸೀಟಿನ ಮೇಲೇ ಉಳಿದಿರುತ್ತದೆ ಎಂಬುದನ್ನು ಅವರಿಗೆ ಆಗಲೇ ಹೇಳಲಿಲ್ಲ.

ಆ ಕಡತದಲ್ಲಿ ಒಟ್ಟು 15,600ರಷ್ಟು ಪುಟಗಳಿದ್ದವು. ಎಷ್ಟು ಪುಟ ಖಾಲಿ ಎಂದು ಕೇಳುವ ಒಂದು ಆಜ್ಞೆ ಇದೆ. ಕೇಳಿದೆ. 9,700ರಷ್ಟು ಎಂದು ಉತ್ತರ ಬಂತು. ಅಂದರೆ ಕಡತದ ಮೂರರಲ್ಲಿ ಎರಡು ಪಾಲಿಗೆ ಸ್ವಲ್ಪ ಕಡಿಮೆ ಭಾಗ, "ಇಲ್ಲ" ಎಂದು ನಾವೆಲ್ಲ ನಂಬಿದ್ದ ಲೆಕ್ಕ.

ಇದನ್ನು ದೋಷ ಎಂದು ಬೈಯುವುದು ಸುಲಭ. ನಾನೂ ಮೊದಲು ಹಾಗೇ ಬೈದೆ. ಆದರೆ ಕೂತು ಯೋಚಿಸಿದರೆ ಇದನ್ನು ಮಾಡಿದವರಿಗೆ ತಲೆ ಇತ್ತು ಎಂದು ಒಪ್ಪಬೇಕಾಗುತ್ತದೆ. ಪ್ರತಿ ಸಲ ಒಂದು ಸಾಲು ಅಳಿಸಿದಾಗ ಇಡೀ ಕಡತವನ್ನು ಹಿಂದಕ್ಕೆ ಸರಿಸಿ ಜೋಡಿಸುತ್ತಾ ಕೂತರೆ ಕಂಪ್ಯೂಟರ್ ಬೇರೆ ಕೆಲಸವನ್ನೇ ಮಾಡಲಾಗದು. ಇವತ್ತು ಖಾಲಿಯಾದ ಜಾಗಕ್ಕೆ ನಾಳೆ ಬೆಳಗಿನ ಹಾಲು ಬಂದೇ ಬರುತ್ತದೆ. ಖಾಲಿ ಜಾಗ ಇಟ್ಟುಕೊಂಡಿದ್ದರೆ ಒಳ್ಳೆಯದೇ. ಬೇರೆ ಡೇಟಾಬೇಸ್‌ಗಳ ಸ್ವಭಾವವೂ ಬಹುಪಾಲು ಇದೇ. ಹಳೆಯ ಕಚೇರಿಗಳಲ್ಲಿ ಇನ್ನೂ ಕಾಣುವ ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ಅಳಿಸಿದ ಮೇಲೆ ಬೇರೆಯಾಗಿ ಕಾಂಪ್ಯಾಕ್ಟ್ ಮಾಡದಿದ್ದರೆ ಕಡತ ಇಳಿಯುವುದಿಲ್ಲ, 2 ಜಿಬಿ ತಲುಪಿದರೆ ಮುಂದೆ ಹೋಗುವುದೂ ಇಲ್ಲ. ಪೋಸ್ಟ್‌ಗ್ರೆಸ್ ಎಂಬ ದೊಡ್ಡ ಡೇಟಾಬೇಸ್‌ನಲ್ಲಂತೂ ಒಂದು ಸಾಲನ್ನು ಬರೀ ತಿದ್ದಿದರೂ ಹಳೆಯ ಸಾಲು ಸತ್ತು ಅಲ್ಲೇ ಬಿದ್ದಿರುತ್ತದೆ, ಗುಡಿಸುವವರು ಬರುವವರೆಗೆ.

ಎಸ್‌ಕ್ಯೂಲೈಟ್‌ನಲ್ಲಿ ಗುಡಿಸುವ ಆಜ್ಞೆಯ ಹೆಸರು ವ್ಯಾಕ್ಯೂಮ್. ಅದು ಜೀವಂತ ಸಾಲುಗಳನ್ನು ಮಾತ್ರ ಆರಿಸಿ ಹೊಸದಾಗಿ ಕಡತ ಕಟ್ಟುತ್ತದೆ. ಆ ಹೊತ್ತಿಗೆ ಡಿಸ್ಕಿನಲ್ಲಿ ಮೂಲ ಕಡತದ ಎರಡರಷ್ಟು ಜಾಗ ಬೇಕಾಗಬಹುದು. ಸಣ್ಣದು ಮಾಡಲು ಮೊದಲು ದೊಡ್ಡ ಜಾಗ ಬೇಕು ಎನ್ನುವುದು ಮಾವನಿಗೆ ಕೊನೆಗೂ ಒಪ್ಪಿಗೆಯಾಗಲಿಲ್ಲ. ವ್ಯಾಕ್ಯೂಮ್ ಕೊಟ್ಟೆ. 61 ಎಂಬಿ 23ಕ್ಕೆ ಇಳಿಯಿತು. ನೀರು ಎಂದು ಮತ್ತೆ ಹುಡುಕಿದೆ. ಸಿಗಲಿಲ್ಲ.

ಇದಲ್ಲದೆ ಅಳಿಸುವಾಗಲೇ ಆ ಜಾಗದ ಮೇಲೆ ಸೊನ್ನೆಗಳನ್ನು ಬರೆದುಬಿಡುವ ಇನ್ನೊಂದು ವ್ಯವಸ್ಥೆಯೂ ಇದೆ. ಸೆಕ್ಯೂರ್ ಡಿಲೀಟ್ ಅಂತ. ಕೆಲವರು ಅದನ್ನು ಮೊದಲೇ ಚಾಲೂ ಮಾಡಿಯೇ ಸಾಫ್ಟ್‌ವೇರ್ ಹಂಚುತ್ತಾರೆ, ಹಲವರು ಮಾಡುವುದಿಲ್ಲ. ಡಿಸ್ಕಿಗೆ ಸ್ವಲ್ಪ ಹೆಚ್ಚು ಬರೆಯಬೇಕಾಗುತ್ತದೆ ಎಂಬುದೊಂದೇ ಅದರ ಖರ್ಚು. ನಮ್ಮ ಡೇರಿಯ ಕಂಪ್ಯೂಟರಿನಲ್ಲಿ ಅದು ಬಂದ್ ಆಗಿತ್ತು. ಚಾಲೂ ಮಾಡಲು ನನ್ನ ಪ್ರೋಗ್ರಾಮಿನಲ್ಲಿ ಒಂದೇ ಒಂದು ಸಾಲು ಬೇಕಿತ್ತು. ಆ ಒಂದು ಸಾಲು ನಾನು ಬರೆದಿರಲಿಲ್ಲ, ಯಾಕೆಂದರೆ ಅಂಥದೊಂದು ಇದೆ ಎಂದೇ ಗೊತ್ತಿರಲಿಲ್ಲ.

ಇನ್ನು ಮಾವ ಐದು ವರ್ಷದ ಲೆಕ್ಕ ತೆಗೆಯಲು ಹೋದದ್ದಾದರೂ ಯಾಕೆ? ಸಾಫ್ಟ್‌ವೇರ್ ನಿಧಾನವಾಗಿತ್ತು. ಒಬ್ಬರ ತಿಂಗಳ ಲೆಕ್ಕ ಕೇಳಿದರೆ ಕಾಫಿ ಕುಡಿದು ಬರುವಷ್ಟು ಹೊತ್ತು. "ಫೈಲು ದಪ್ಪ ಆಗಿದೆ, ಹಳೇದು ತೆಗೀರಿ" ಎಂದು ಪಟ್ಟಣದವರು ಫೋನಿನಲ್ಲಿ ಹೇಳಿದ್ದರು. ದಪ್ಪ ಇದ್ದದ್ದು ನಿಜ, ಆದರೆ ನಿಧಾನಕ್ಕೆ ಕಾರಣ ಅದಾಗಿರಲಿಲ್ಲ. ಎಂಟು ವರ್ಷದ ಸುಮಾರು 8 ಲಕ್ಷ ಸಾಲುಗಳಿಗೆ ಒಂದು ಸೂಚಿಯೂ ಇರಲಿಲ್ಲ. ದಪ್ಪ ಪುಸ್ತಕದ ಕೊನೆಯಲ್ಲಿ ಯಾವ ಪದ ಯಾವ ಪುಟದಲ್ಲಿದೆ ಎಂದು ಪಟ್ಟಿ ಕೊಟ್ಟಿರುತ್ತಾರಲ್ಲ, ಅಂಥದ್ದು. ಅದಿಲ್ಲದಿದ್ದರೆ ಒಬ್ಬರ ಲೆಕ್ಕಕ್ಕಾಗಿ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಬೇಕು. ಸದಸ್ಯರ ನಂಬರ್ ಮತ್ತು ತಾರೀಖಿನ ಮೇಲೆ ಒಂದು ಸೂಚಿ ಕಟ್ಟಿದೆ. ಲೆಕ್ಕ ಕಣ್ಣುಮಿಟುಕಿಸುವಷ್ಟರಲ್ಲಿ ಬಂತು. ಆದರೆ ಸೂಚಿಯೂ ಜಾಗ ತಿನ್ನುತ್ತದೆ. ಕಡತ 23ರಿಂದ 29 ಎಂಬಿಗೆ ಏರಿತು.

"ಮತ್ತೆ ದಪ್ಪ ಮಾಡಿಬಿಟ್ಯಲ್ಲಮ್ಮ!" ಅಂದರು ಮಾವ.

ಗಾತ್ರ ಒಂದನ್ನೇ ನೋಡಿ ಕಡತವನ್ನು ಅಳೆಯುವವರಿಗೆಲ್ಲ ಆಗುವ ಗಲಿಬಿಲಿಯೇ ಇದು. ಮೈ ಬಂದರೆ ರೋಗ, ಇಳಿದರೆ ಆರೋಗ್ಯ ಎನ್ನುವ ಹಾಗೆ. ಸೂಚಿಯ 6 ಎಂಬಿ ಕೆಲಸ ಮಾಡುವ 6 ಎಂಬಿ. ಮೊದಲಿದ್ದ 38 ಎಂಬಿ ಯಾರಿಗೂ ಬೇಡದ, ಕೆಲವರಿಗೆ ನೋವು ತರುವ 38 ಎಂಬಿ. ಎಷ್ಟಿದೆ ಎಂದು ಕೇಳುವುದಕ್ಕಿಂತ ಒಳಗೆ ಏನಿದೆ ಎಂದು ಕೇಳಬೇಕು.

ಗಾತ್ರದ ಮಾತು ಬಂದಾಗ ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆ. ನಮ್ಮ ಡೇರಿಯ ಚೀಟಿಯಲ್ಲಿ ಹೆಸರು ಬರುತ್ತಿದ್ದದ್ದು ಇಂಗ್ಲಿಷಿನಲ್ಲಿ. ನಾಲ್ಕನೇ ಕ್ಲಾಸು ಓದಿದ ದೊಡ್ಡಮ್ಮ ಕನ್ನಡ ಓದುತ್ತಾರೆ, ಇಂಗ್ಲಿಷ್ ಬಾರದು. ತಮ್ಮ ಚೀಟಿಯನ್ನು 84 ಎಂಬ ನಂಬರಿನಿಂದ ಗುರುತು ಹಿಡಿಯುತ್ತಿದ್ದರು. ಕನ್ನಡದಲ್ಲೇ ಯಾಕೆ ಹಾಕಲಿಲ್ಲ ಎಂದು ನಾನು ಪಟ್ಟಣದವರನ್ನು ಕೇಳಿದಾಗ ಅವರು ಕೊಟ್ಟ ಕಾರಣ, "ಕನ್ನಡ ಹಾಕಿದ್ರೆ ಫೈಲು ಮೂರು ಪಟ್ಟು ಆಗುತ್ತೆ."

ಈ ಮಾತನ್ನು ನಾನು ಬೇರೆ ಕಡೆಯೂ ಕೇಳಿದ್ದೇನೆ. ಆದ್ದರಿಂದ ಲೆಕ್ಕ ಹಾಕಿಯೇ ನೋಡೋಣ. ಈಗ ಎಲ್ಲ ಕಡೆ ಬಳಕೆಯಲ್ಲಿರುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಒಂದು ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿಯೊಂದು ಚಿಹ್ನೆಗೆ ಮೂರು ಬೈಟ್. ಮೂರು ಪಟ್ಟು ಎಂಬ ಮಾತು ಹುಟ್ಟಿದ್ದು ಇಲ್ಲಿಂದ. ಲಕ್ಷ್ಮಮ್ಮ ಎಂಬ ಹೆಸರು ತೆಗೆದುಕೊಳ್ಳಿ. ಒತ್ತಕ್ಷರ ಮಾಡುವ ಅರ್ಧಚಿಹ್ನೆಗಳೂ ಸೇರಿ ಅದರಲ್ಲಿ ಒಂಬತ್ತು ಚಿಹ್ನೆಗಳು, 27 ಬೈಟ್. ಅದನ್ನೇ ಇಂಗ್ಲಿಷಿನಲ್ಲಿ ಬರೆದರೆ ಹತ್ತು ಅಕ್ಷರ, 10 ಬೈಟ್. ವ್ಯತ್ಯಾಸ 17. ನಮ್ಮ ಡೇರಿಯ 140 ಸದಸ್ಯರಿಗೂ ಲಕ್ಷ್ಮಮ್ಮ ಎಂದೇ ಹೆಸರಿಟ್ಟುಬಿಟ್ಟರೂ ಹೆಚ್ಚಾಗುವುದು 2,380 ಬೈಟ್. ಒಂದು ಪುಟ 4,096 ಬೈಟ್ ಎಂದೆನಲ್ಲ. ಇಡೀ ಊರಿನ ಹೆಸರು ಕನ್ನಡಕ್ಕೆ ಬಂದರೆ ಹೆಚ್ಚುವ ಭಾರ ಒಂದು ಪುಟವನ್ನೂ ತುಂಬುವುದಿಲ್ಲ!

ಹಾಗಾದರೆ ಪಟ್ಟಣದವರು ಸುಳ್ಳು ಹೇಳಿದರೇ? ಅವರ ಕಡೆಯಿಂದ ನೋಡಿದರೆ ಪೂರ್ತಿ ಸುಳ್ಳಲ್ಲ. ಅವರು ಸದಸ್ಯರ ಹೆಸರನ್ನು ಒಂದು ಪಟ್ಟಿಯಲ್ಲಿ ಒಮ್ಮೆ ಬರೆದು, ಹಾಲಿನ ಸಾಲಿನಲ್ಲಿ ಬರೀ ನಂಬರ್ ಇಡುವ ಬದಲು, ಪ್ರತಿ ಹೊತ್ತಿನ ಪ್ರತಿ ಸಾಲಿನಲ್ಲೂ ನಂಬರಿನ ಜೊತೆಗೆ ಹೆಸರನ್ನೂ ಬರೆಸಿದ್ದರು. ದೊಡ್ಡಮ್ಮ ಒಂದು ದಿನಕ್ಕೆ ಎರಡು ಸಲ, ವರ್ಷಕ್ಕೆ 730 ಸಲ. 84 ಎಂಬ ನಂಬರ್ ಇಡಲು ಎಸ್‌ಕ್ಯೂಲೈಟ್‌ಗೆ ಒಂದೇ ಬೈಟ್ ಸಾಕು. ಅದು ಅಲ್ಲೇ ಇರುವಾಗ ಹೆಸರನ್ನು ಮತ್ತೆ ಮತ್ತೆ ಬರೆಯುವ ಅಗತ್ಯವೇ ಇರಲಿಲ್ಲ. ಹೀಗೆ 8 ಲಕ್ಷ ಸಲ ಬರೆಯುವುದಾದರೆ ಕನ್ನಡಕ್ಕೆ 14 ಎಂಬಿಯಷ್ಟು ಹೆಚ್ಚು ಬೇಕಾಗುತ್ತಿತ್ತು. 61ರ ಮೇಲೆ 14, ಆಗಲೂ ಅದು ಮೂರು ಪಟ್ಟು ಅಲ್ಲ. ಅವರ ವಿನ್ಯಾಸದ ತಪ್ಪಿಗೆ ಕನ್ನಡದ ಮೇಲೆ ದಂಡ ಬಿತ್ತು. ಒಂದು ಟೇಬಲ್ಲಿನಲ್ಲಿ ಒಂದು ಸಂಗತಿ ಒಂದೇ ಸಲ ಇರಬೇಕು ಎಂಬುದು ಬಿಸಿಎ ಎರಡನೇ ವರ್ಷದ ಪಾಠ. 1970ರಲ್ಲಿ ಎಡ್ಗರ್ ಕಾಡ್ ಬರೆದ ಪ್ರಬಂಧದಿಂದ ಶುರುವಾದ ವಿಚಾರ.

ನನಗೆ ಸಿಟ್ಟು ಬಂದದ್ದು ಈ ಎರಡು ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ. ದೊಡ್ಡಮ್ಮ ಓದಬಲ್ಲ ಅಕ್ಷರದಲ್ಲಿ ಅವರ ಹೆಸರು ಬರೆಯಲು 17 ಬೈಟ್ ಜಾಗ ಇಲ್ಲ ಎಂದ ಕಡತ, ಅವರ ಮೇಲಿನ ಅಪವಾದಕ್ಕೆ ಪುಕ್ಕಟೆ ಜಾಗ ಕೊಟ್ಟು ತಿಂಗಳುಗಟ್ಟಲೆ ಕಾಪಾಡಿತ್ತು.

ಈಗ ನನ್ನ ವಾದಕ್ಕೆ ಬರುತ್ತೇನೆ. ಕೆಂಪು ಬಟನ್ ಮೇಲೆ "ಅಳಿಸು" ಎಂದು ಬರೆದರೆ ಅದು ಒಂದು ಮಾತು ಕೊಟ್ಟ ಹಾಗೆ. ಅದನ್ನು ಒತ್ತುವವರಿಗೆ ಪುಟ, ಪಟ್ಟಿ, ವ್ಯಾಕ್ಯೂಮ್ ಯಾವುದೂ ಗೊತ್ತಿರಬೇಕಾಗಿಲ್ಲ. ಅವರು ಸ್ಲೇಟಿನ ಮೇಲಿಂದ ಒರೆಸಿದ ಹಾಗೆ ಹೋಗುತ್ತದೆ ಎಂದೇ ತಿಳಿಯುತ್ತಾರೆ, ತಿಳಿಯುವುದು ಸರಿಯೂ ಹೌದು. ಆದ್ದರಿಂದ ಬಟನ್ ಇಟ್ಟವರು ಒಂದೋ ನಿಜವಾಗಿ ಅಳಿಸಬೇಕು, ಇಲ್ಲವೇ ಬಟನ್ ಮೇಲೆ "ಪಟ್ಟಿಯಿಂದ ತೆಗೆ" ಎಂದು ಬರೆಯಬೇಕು. ಜಾಗ ಉಳಿಸುವುದು ಡೇಟಾಬೇಸ್ ಮಾಡಿದವರ ಕೆಲಸ, ಅವರು ಅದನ್ನು ಚೆನ್ನಾಗಿಯೇ ಮಾಡಿದ್ದಾರೆ. ಮಾತು ಉಳಿಸಿಕೊಳ್ಳುವುದು ಅದರ ಮೇಲೆ ಸಾಫ್ಟ್‌ವೇರ್ ಕಟ್ಟುವ ನಮ್ಮ ಕೆಲಸ.

ಇದನ್ನು ಹಾಸ್ಟೆಲಿನಲ್ಲಿ ಹೇಳಿದಾಗ ಗೆಳತಿಯೊಬ್ಬಳು, "ಹಳ್ಳಿ ಡೇರಿಯ ಫೈಲನ್ನ ಯಾರು ನೋಟ್‌ಪ್ಯಾಡಲ್ಲಿ ತೆಗೆದು ನೋಡ್ತಾರೆ, ಬಿಡೇ" ಅಂದಳು. ನಾನು ನೋಡಿದೆನಲ್ಲ! ನನಗೆ ಯಾವ ವಿಶೇಷ ವಿದ್ಯೆಯೂ ಬೇಕಾಗಲಿಲ್ಲ, ಪಾಸ್‌ವರ್ಡೂ ಬೇಕಾಗಲಿಲ್ಲ. ಜೊತೆಗೆ ಹಳ್ಳಿಯಲ್ಲಿ ಗುಟ್ಟಿನ ಬೆಲೆ ಪಟ್ಟಣಕ್ಕಿಂತ ಹೆಚ್ಚು. ಬೆಂಗಳೂರಿನಲ್ಲಿ ಯಾರದೋ ಹೆಸರಿನ ಮುಂದೆ ಏನೋ ಬರೆದಿದ್ದರೆ ಅದು ಬರೀ ಹೆಸರು. ನಮ್ಮೂರಲ್ಲಿ ಅದು ನಾಳೆ ಬೆಳಿಗ್ಗೆ ಕ್ಯಾನ್ ಹಿಡಿದು ಎದುರಿಗೆ ಬರುವ ಮನುಷ್ಯ.

ಕಡತದ ಒಳರಚನೆ ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ದೇಶಗಳ ಉದಾಹರಣೆಯೂ ಇದೆ. 2020ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಕೋವಿಡ್ ಫಲಿತಾಂಶಗಳನ್ನು ಎಕ್ಸೆಲ್‌ನ ಹಳೆಯ ನಮೂನೆಯ ಕಡತಕ್ಕೆ ತುಂಬುತ್ತಿತ್ತು. ಆ ನಮೂನೆಯಲ್ಲಿ ಒಂದು ಹಾಳೆಗೆ 65,536 ಸಾಲು ಮಾತ್ರ. ಅದಕ್ಕಿಂತ ಹೆಚ್ಚಾದದ್ದು ಸದ್ದಿಲ್ಲದೆ ಹೊರಗುಳಿಯಿತು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಪ್ರಕರಣಗಳು ದಿನದ ಲೆಕ್ಕದಿಂದ ತಪ್ಪಿಹೋಗಿದ್ದವು. ಅವರ ಸಂಪರ್ಕದಲ್ಲಿದ್ದವರನ್ನು ಹುಡುಕುವುದು ತಡವಾಯಿತು. ಅಲ್ಲಿ ಇರಬೇಕಾದದ್ದು ಹೋಯಿತು, ನಮ್ಮಲ್ಲಿ ಹೋಗಬೇಕಾದದ್ದು ಉಳಿಯಿತು. ಎರಡು ಕಡೆಯೂ ಕೆಲಸ ಮಾಡುವವರು ಪರದೆಯನ್ನು ನಂಬಿದ್ದರು, ಪರದೆಯ ಹಿಂದಿನ ಕಡತವನ್ನು ನೋಡಿರಲಿಲ್ಲ.

2023ರಲ್ಲಿ ನಮ್ಮ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಒಪ್ಪಿತು. ತನ್ನ ಮಾಹಿತಿಯನ್ನು ತಿದ್ದಿಸುವ, ಅಳಿಸಿಸುವ ಹಕ್ಕಿನ ಮಾತು ಅದರಲ್ಲಿದೆ. ಒಳ್ಳೆಯದು. ಆದರೆ ಅಳಿಸುವುದು ಅಂದರೆ ಏನು ಎಂದು ಪ್ರೋಗ್ರಾಮ್ ಬರೆಯುವವರಿಗೇ ಗೊತ್ತಿಲ್ಲದಿದ್ದರೆ ಆ ಹಕ್ಕನ್ನು ಜಾರಿ ಮಾಡುವವರು ಯಾರು? ನಮಗೆ ತರಗತಿಯಲ್ಲಿ ಡಿಲೀಟ್ ಆಜ್ಞೆ ಕಲಿಸಿದರು. ಲ್ಯಾಬ್ ಪರೀಕ್ಷೆಯಲ್ಲಿ ಅದನ್ನು ಬರೆದು, ಆಮೇಲೆ ಪಟ್ಟಿ ತೋರಿಸಿ, ಸಾಲು ಕಾಣದಿದ್ದರೆ ಪೂರ್ತಿ ಅಂಕ. ಪರದೆಯ ಮೇಲೆ ಕಾಣದಿದ್ದರೆ ಇಲ್ಲ ಎಂಬುದೇ ನಮಗೆ ಕಲಿಸಿದ ಅರ್ಥ. ನನ್ನ ಕೋರಿಕೆ ದೊಡ್ಡದೇನಲ್ಲ. ಅದೇ ಲ್ಯಾಬಿನಲ್ಲಿ ಇನ್ನು ಹತ್ತು ನಿಮಿಷ ಕೊಡಿ. ಅಳಿಸಿದ ಮೇಲೆ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆಸಿ, ಅಳಿಸಿದ ಹೆಸರನ್ನು ಹುಡುಕಿಸಿ. ಒಂದು ಸಲ ಕಣ್ಣಾರೆ ನೋಡಿದವರು ಆಮೇಲೆ ಮರೆಯುವುದಿಲ್ಲ, ನನ್ನನ್ನೇ ನೋಡಿ.

ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು, ಆ ಷರಾ ಕಲಂ ಬೇಕಿತ್ತೇ ಎಂದು. ಹಾಲಿನ ಲೆಕ್ಕಕ್ಕೆ ಯಾರ ಮನೆಯಲ್ಲಿ ಪಾಲಾಗಿದೆ ಎಂಬುದು ಯಾಕೆ? ಜಾಗ ಇದೆ, ಇರಲಿ ಅಂತ ಒಂದು ಪೆಟ್ಟಿಗೆ ಇಟ್ಟರೆ ಜನ ಅದರಲ್ಲಿ ಏನಾದರೂ ತುಂಬಿಯೇ ತುಂಬುತ್ತಾರೆ. ಈಗ ನಮ್ಮ ಡೇರಿಯಲ್ಲಿ ಆ ಕಲಂ ಇಲ್ಲ. ನನ್ನ ಕೆಂಪು ಬಟನ್ ಒತ್ತಿದರೆ ಸೊನ್ನೆಗಳು ಬೀಳುತ್ತವೆ. ಸದಸ್ಯರ ಪಟ್ಟಿಗೆ ಕನ್ನಡದ ಹೆಸರುಗಳು ಸೇರಿವೆ, ಕಡತ ಒಂದೆರಡು ಪುಟ ಬೆಳೆದಿರಬಹುದು. ಚೀಟಿಯಲ್ಲಿ ಮೊದಲ ಸಲ ತಮ್ಮ ಹೆಸರು ನೋಡಿದ ದೊಡ್ಡಮ್ಮ ಅದನ್ನು ಮಡಚಿ ಎಲೆಅಡಿಕೆ ಚೀಲದೊಳಗೆ ಇಟ್ಟುಕೊಂಡರು.

ಅವತ್ತೇ ಅವರಿಗೆ ನಿಜ ಹೇಳಿದೆ. ದಸರಾದಲ್ಲಿ ನಾನು ಅಳಿಸಿದ್ದು ಅಳಿಸಿರಲಿಲ್ಲ, ಬೇಸಿಗೆಯವರೆಗೂ ಒಳಗೇ ಇತ್ತು, ಈಗ ಹೋಗಿದೆ ಎಂದು. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಹಂಗಾರೆ ಈ ಪೆಟ್ಟಿಗೇಲಿ ಇಲ್ಲ. ಬೇರೆ ಎಲ್ಲೆಲ್ಲಿ ಐತೆ?"

ಉತ್ತರ ನನ್ನ ಹತ್ತಿರ ಇತ್ತು, ಹೇಳಲು ಬಾಯಿ ಬರಲಿಲ್ಲ. ದಸರಾದಿಂದ ಬೇಸಿಗೆಯವರೆಗೆ ಆ ಕಡತ ಪೆನ್‌ಡ್ರೈವಿನಲ್ಲಿ ಪಟ್ಟಣದವರ ಕೈಗೆ ಹೋಗಿತ್ತು. ಲೆಕ್ಕ ನೋಡಲು ಬಂದವರು ಒಂದು ಪ್ರತಿ ತೆಗೆದುಕೊಂಡಿದ್ದರು. ಹಿಂದಿನ ಕಮಿಟಿಯವರೊಬ್ಬರು ತಮ್ಮ ಲ್ಯಾಪ್‌ಟಾಪಿಗೆ ಹಾಕಿಕೊಂಡಿದ್ದರು. ಆ ಯಾವ ಪ್ರತಿಗೂ ನನ್ನ ವ್ಯಾಕ್ಯೂಮ್ ಮುಟ್ಟುವುದಿಲ್ಲ. ಮೂವರಿಗೂ ಫೋನ್ ಮಾಡಿ, ವಿಷಯ ವಿವರಿಸಿ, ದಯವಿಟ್ಟು ತೆಗೆದುಬಿಡಿ ಎಂದು ಕೇಳಿಕೊಂಡೆ. ಮೂವರೂ ಒಳ್ಳೆಯವರೇ, ತಕ್ಷಣ ಒಪ್ಪಿದರು.

ಸಂಜೆಯೊಳಗೆ ಮೂವರಿಂದಲೂ ವಾಟ್ಸ್‌ಆ್ಯಪ್ ಮೆಸೇಜ್ ಬಂತು. "ಡಿಲೀಟ್ ಮಾಡಿದೀನಿ ಕಣಮ್ಮ."